10 ಉಳಿಯಬೇಕಿತ್ತು, 32 ಉಳಿದಿದ್ದವು

ಬ್ಯಾಂಕಿನಲ್ಲಿ ಕೆಲಸ ಮಾಡೋರಿಗೆ ಒಂದು ಚಾಳಿ ಇರುತ್ತೆ. ಏನು ಕಂಡರೂ ಎಣಿಸೋದು. ಕಳೆದ ತಿಂಗಳ ಕೊನೆಗೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪನ ಮಾತ್ರೆ ಡಬ್ಬಿ ತೆಗೆದು ಸುಮ್ನೆ ಎಣಿಸಿದೆ. ಒಂದನೇ ತಾರೀಕು 60 ಅಪಿಕ್ಸಬಾನ್ ಮಾತ್ರೆ ಕೊಟ್ಟು ಬಂದಿದ್ದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. 25 ದಿನ ಕಳೆದಿತ್ತು. 10 ಉಳಿದಿರಬೇಕು. ಇದ್ದದ್ದು 32.

22 ಮಾತ್ರೆ ಜಾಸ್ತಿ. ಅಂದ್ರೆ 11 ದಿನ ತಗೊಂಡೇ ಇಲ್ಲ.

"ಅಪ್ಪ, ಇದೇನಿದು?" ಅಂತ ಡಬ್ಬಿ ಹಿಡಿದುಕೊಂಡು ಜಗಲಿಗೆ ಬಂದೆ. ಪೇಪರ್ ಓದುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಓ ಅದಾ? ಅದನ್ನ ನಿಲ್ಲಿಸಿದೀನಿ ಕಣವ್ವ. ಇಕೋಸ್ಪ್ರಿನ್ ತಗೋತಾ ಇದೀನಲ್ಲ. ಎರಡೂ ರಕ್ತ ತೆಳು ಮಾಡೋದೇ ತಾನೇ? ಒಂದು ಸಾಕು."

ಅಷ್ಟು ಸಲೀಸಾಗಿ ಹೇಳಿದರು, ಎರಡು ಹಾಲಿನ ಪ್ಯಾಕೆಟ್ ಬದಲು ಒಂದು ತಂದೆ ಅನ್ನೋ ಹಾಗೆ.

ಹಿನ್ನೆಲೆ ಹೇಳಿಬಿಡ್ತೀನಿ. ಅಪ್ಪನಿಗೆ 71 ವರ್ಷ. ಬಿಪಿ ಇದೆ, ಶುಗರ್ ಇದೆ. 14 ತಿಂಗಳ ಹಿಂದೆ ಬೆಂಗಳೂರಲ್ಲಿ ಬೈಪಾಸ್ ಆಯ್ತು. ಅದಕ್ಕೂ ಎರಡು ವರ್ಷ ಮೊದಲಿಂದಲೇ ಅವರಿಗೆ ಏಟ್ರಿಯಲ್ ಫಿಬ್ರಿಲೇಶನ್ ಇತ್ತು, ಡಾಕ್ಟರುಗಳು ಎಎಫ್ ಅಂತಾರೆ. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡೋ ಬದಲು ಅದುರುತ್ತಾ ಇರುತ್ತವೆ. ನಾಡಿ ಹಿಡಿದರೆ ಗೊತ್ತಾಗುತ್ತೆ, ತಾಳ ತಪ್ಪಿದ ತಮಟೆ ಇದ್ದ ಹಾಗೆ. ಅದುರುವ ಕೋಣೆಯಲ್ಲಿ ರಕ್ತ ಸರಾಗ ಹರಿಯೋದಿಲ್ಲ, ಮೂಲೆಯಲ್ಲಿ ನಿಲ್ಲುತ್ತೆ. ನಿಂತ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪಿನ ಚೂರು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ. ಎಎಫ್ ಇರುವವರಿಗೆ ಲಕ್ವದ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಅಂತ ಲೆಕ್ಕ. ಅದಕ್ಕೇ ಈ ಮಾತ್ರೆ.

ಈಗ ನಿಲ್ಲಿಸಿದ್ದು ಯಾಕೆ ಅನ್ನೋದು. ಮಾತ್ರೆ ಬಿಡೋ ಹಿಂದಿನ ದಿನ ಬೆಳಿಗ್ಗೆ ಯಾರೋ ನೆಂಟರು ಬಂದಿದ್ದಾರೆ ಅಂತ ಅಪ್ಪ ಎಳನೀರು ಕೆತ್ತೋಕೆ ಕೂತಿದ್ದಾರೆ. ಮಚ್ಚು ಜಾರಿ ಎಡಗೈ ತೋರುಬೆರಳಿಗೆ ಬಿದ್ದಿದೆ. ಮಾಮೂಲಿ ಗಾಯ, ಐವತ್ತು ವರ್ಷದಲ್ಲಿ ಇಂಥದ್ದು ಎಷ್ಟೋ ಆಗಿವೆ. ಆದರೆ ಈ ಸಲ ರಕ್ತ ನಿಲ್ಲಲಿಲ್ಲ. ಅರಿಶಿನ ಹಾಕಿದರು, ಕಾಫಿಪುಡಿ ಹಾಕಿದರು, ಎರಡು ನಿಮಿಷಕ್ಕೊಂದು ಸಲ ಬಟ್ಟೆ ಎತ್ತಿ ನಿಂತಿದೆಯಾ ಅಂತ ನೋಡಿದರು. ಮುಕ್ಕಾಲು ಗಂಟೆ. ಒಂದು ಟವೆಲ್ ಪೂರ್ತಿ ಕೆಂಪಾಯ್ತು ಅಂತ ಅಮ್ಮ ಆಮೇಲೆ ಹೇಳಿದರು. ನನಗೆ ಫೋನ್ ಮಾಡಬೇಡ ಅಂತ ಅಮ್ಮನಿಗೆ ತಾಕೀತು ಬೇರೆ.

(ಆಮೇಲೆ ಡಾಕ್ಟರ್ ಹೇಳಿದ್ದು: ಬಟ್ಟೆ ಎತ್ತಿ ಎತ್ತಿ ನೋಡಿದ್ದೇ ತಪ್ಪು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಕಾಫಿಪುಡಿ ಕಾಫಿಗೆ ಮಾತ್ರ.)

ಮರುದಿನ ಊರಿನ ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ದಾರೆ. ಅಂಗಡಿಯವನು "ಜಾಸ್ತಿ ಆಗಿರಬೇಕು, ಅರ್ಧ ಮಾಡಿ ತಗೊಳ್ಳಿ" ಅಂದಿದ್ದಾನೆ. ಅರ್ಧ ಮಾಡಿ ಯಾರು ಕೂರ್ತಾರೆ ಅಂತ ಅಪ್ಪ ಪೂರ್ತಿ ಬಿಟ್ಟಿದ್ದಾರೆ.

ನನಗೆ ಕೋಪ ಬಂತು, ನಿಜ. ಆದರೆ ರಾತ್ರಿ ಕೂತು ಡಿಸ್ಚಾರ್ಜ್ ಸಮ್ಮರಿ ತೆಗೆದು ಓದಿದಾಗ ಕೋಪ ಬೇರೆ ಕಡೆ ತಿರುಗಿತು. ನಾಲ್ಕು ಪುಟ. ಯಾವ ದಿನ ಯಾವ ಟೆಸ್ಟ್, ಯಾವ ದಾರದಲ್ಲಿ ಹೊಲಿಗೆ, ಎಲ್ಲ ಇದೆ. ಅಪಿಕ್ಸಬಾನ್ 5 ಮಿಲಿಗ್ರಾಂ ಎದುರು ಬರೆದಿದ್ದು ಒಂದೇ ಪದ, 'ಮುಂದುವರಿಸಿ', ಅದೂ ಇಂಗ್ಲಿಷಿನಲ್ಲಿ. ಇಕೋಸ್ಪ್ರಿನ್ ಎದುರೂ ಅದೇ ಪದ. ಯಾವುದು ಯಾಕೆ, ಯಾವುದು ಎಲ್ಲಿವರೆಗೆ, ಒಂದು ಸಾಲೂ ಇಲ್ಲ. ಓದಿದ ನನಗೇ ಎರಡೂ ಒಂದೇ ಜಾತಿ ಮಾತ್ರೆ ಅಂತ ಅನ್ನಿಸುವ ಹಾಗಿದೆ, ಇನ್ನು ಅಪ್ಪನ್ನ ಏನು ಬೈಯೋದು?

ಇನ್ನೊಂದು ವಿಷಯವೂ ಇತ್ತು. ಆಪರೇಷನ್ ಮುಗಿದ ದಿನ ಕಾರಿಡಾರಿನಲ್ಲಿ ನಿಂತುಕೊಂಡೇ ಸರ್ಜನ್ ಹೇಳಿದ್ದರು, "ಹೇಗೂ ಎದೆ ತೆಗೆದಿದ್ವಲ್ಲ, ಎಡಗಡೆ ಕಿವಿಯನ್ನೂ ಹೊಲಿದು ಮುಚ್ಚಿದೀವಿ, ಇನ್ನು ಅಷ್ಟು ಭಯ ಇಲ್ಲ." ಹೃದಯದ ಎಡ ಮೇಲಿನ ಕೋಣೆಗೆ ಅಂಟಿಕೊಂಡು ಕಿವಿ ಆಕಾರದ ಒಂದು ಚೀಲ ಇರುತ್ತೆ. ಶಾಲೆಯಲ್ಲಿ ಹೃತ್ಕರ್ಣ, ಹೃತ್ಕುಕ್ಷಿ ಅಂತ ಬಾಯಿಪಾಠ ಮಾಡಿದ್ವಲ್ಲ, ಆ ಹೆಸರಲ್ಲೇ ಕಿವಿ ಇದೆ ಅಂತ ನನಗೆ ಹೊಳೆದಿದ್ದು ಅವತ್ತೇ. ವಾಲ್ವ್ ತೊಂದರೆ ಇಲ್ಲದ ಎಎಫ್‌ನಲ್ಲಿ ಹೆಪ್ಪುಗಳ ಪೈಕಿ ಸುಮಾರು ನೂರಕ್ಕೆ 90 ಹುಟ್ಟೋದು ಆ ಚೀಲದಲ್ಲೇ. ಹಾಗಾಗಿ ಅದನ್ನ ಮುಚ್ಚಿಬಿಟ್ಟರೆ ಒಳ್ಳೇದು. ಅಪ್ಪ ವಾರ್ಡಿಗೆ ಬಂದ ಮೇಲೆ ಇದನ್ನ ಹೇಳಿದೆ. "ಕಿವಿ ಮುಚ್ಚಿದಾರಾ? ಅದಕ್ಕೇ ನಿಮ್ಮಮ್ಮ ಕರೆದಿದ್ದು ಕೇಳಿಸ್ತಾ ಇಲ್ಲ" ಅಂದರು. ಎಲ್ಲರೂ ನಕ್ಕೆವು. ಆ ತಮಾಷೆ ಮನೆಯಲ್ಲಿ ಉಳಿಯಿತು, ಜೊತೆಗೆ "ಇನ್ನು ಭಯ ಇಲ್ಲ" ಅನ್ನೋ ಮಾತೂ ಉಳಿಯಿತು. ಅಪ್ಪನ ತಲೆಯಲ್ಲಿ ಲೆಕ್ಕ ಹೀಗೆ: ಕಿವಿ ಮುಚ್ಚಿದ್ದಾಯ್ತು, ಇಸಿಜಿ ನಾರ್ಮಲ್ ಬಂತು, ಬೈಪಾಸ್ ಆಯ್ತು, ಇನ್ನೂ ಈ ಮಾತ್ರೆ ಯಾಕೆ?

ಒಳ್ಳೆ ಪ್ರಶ್ನೆನೇ. ಅದನ್ನ ಡಾಕ್ಟರ್ ಹತ್ತಿರ ಕೇಳೋ ಬದಲು ಮೆಡಿಕಲ್ ಶಾಪಲ್ಲಿ ಕೇಳಿದ್ದೇ ಎಡವಟ್ಟು.

ಅವತ್ತು ರಾತ್ರಿಯೇ ಡಾಕ್ಟರಿಗೆ ಫೋನ್ ಹಚ್ಚಿ, ಗಾಯ ಒಣಗಿದೆ, ಬೇರೆಲ್ಲೂ ರಕ್ತ ಹೋಗ್ತಿಲ್ಲ ಅಂತ ಹೇಳಿ, ಅವರು ಹೂಂ ಅಂದ ಮೇಲೆ ಎರಡು ಹೊತ್ತಿನ ಮಾತ್ರೆ ಶುರು ಮಾಡಿಸಿದೆ. ಅಪ್ಪ ಮುಖ ಗಂಟು ಹಾಕಿಕೊಂಡೇ ನುಂಗಿದರು. ಸೋಮವಾರ ಅವರನ್ನ ಕರೆದುಕೊಂಡು ಬೆಂಗಳೂರಿಗೆ ಬಂದೆ.

ಹೃದಯದ ಡಾಕ್ಟರ್ ಈ ಸಲ ಸ್ವಲ್ಪ ಬಿಡುವಾಗಿದ್ದರು, ನಮ್ಮ ಪುಣ್ಯ. ಅಪ್ಪನ ಬೆರಳು ನೋಡಿದರು, ಕಥೆ ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು, "ಯಜಮಾನ್ರೇ, ಮನೇಲಿ ಹಸು ಇದೆಯಾ?"

"ಇದೆ, ಎರಡು."

"ಹಾಲಿಗೆ ಹೆಪ್ಪು ಹಾಕಿ ಅಲ್ಲಾಡಿಸ್ತಾ ಇದ್ರೆ ಮೊಸರಾಗುತ್ತಾ?"

"ಎಲ್ಲಿ ಆಗುತ್ತೆ, ಒಂದು ಕಡೆ ಇಡಬೇಕು."

"ನಿಮ್ಮ ಹೃದಯದಲ್ಲೂ ಹಾಗೇ, ಒಂದು ಕಡೆ ನಿಂತರೆ ಗಟ್ಟಿಯಾಗುತ್ತೆ. ಆ ಹೆಪ್ಪು ಕೂರದ ಹಾಗೆ ನೋಡಿಕೊಳ್ಳೋದು ನೀವು ಬಿಟ್ಟಿರೋ ಮಾತ್ರೆ. ಇಕೋಸ್ಪ್ರಿನ್ ಕೆಲಸ ಬೇರೆ."

ಬೇರೆ ಅಂದ್ರೆ ಹೇಗೆ ಅಂತ ನಾನು ಕೇಳಿದೆ. ರಭಸವಾಗಿ ರಕ್ತ ಹರಿಯುವ ಕಿರಿದಾದ ನಾಳದಲ್ಲಿ, ಬೈಪಾಸ್ ನಾಳ ಆಗಲಿ, ಸ್ಟೆಂಟ್ ಆಗಲಿ, ಪ್ಲೇಟ್‌ಲೆಟ್‌ಗಳು (ರಕ್ತದ ಸಣ್ಣ ಕಣಗಳು) ಒಂದಕ್ಕೊಂದು ಅಂಟಿಕೊಂಡು ದಾರಿ ಕಟ್ಟುತ್ತವೆ. ಇಕೋಸ್ಪ್ರಿನ್, ಅಂದ್ರೆ ಆಸ್ಪಿರಿನ್, ತಡೆಯೋದು ಅದನ್ನ. ನಿಂತ ರಕ್ತದಲ್ಲಿ ಆಗೋ ಹೆಪ್ಪು ಬೇರೆ ದಾರಿಯದ್ದು, ರಕ್ತದ ಪ್ರೋಟೀನುಗಳು ಒಂದರ ಹಿಂದೆ ಒಂದು ಎಚ್ಚರವಾಗಿ ಬಲೆ ಹೆಣೆಯುತ್ತವೆ. ಅಪಿಕ್ಸಬಾನ್ ತಡೆಯೋದು ಆ ಸರಪಳಿಯ ಒಂದು ಕೊಂಡಿಯನ್ನ. ಎಎಫ್‌ಗೆ ಆಸ್ಪಿರಿನ್ ಸಾಕಾಗುತ್ತಾ ಅಂತ ನೇರವಾಗಿ ಹೋಲಿಸಿ ನೋಡಿದ್ದೂ ಇದೆ. ವಾರ್ಫರಿನ್ ಅನ್ನೋ ಹಳೇ ಹೆಪ್ಪು ತಡೆಯೋ ಮಾತ್ರೆ ತಗೊಳ್ಳೋಕೆ ಆಗದವರನ್ನ ಎರಡು ಗುಂಪು ಮಾಡಿ ಒಂದಕ್ಕೆ ಆಸ್ಪಿರಿನ್, ಇನ್ನೊಂದಕ್ಕೆ ಅಪಿಕ್ಸಬಾನ್ ಕೊಟ್ಟರು. 2011ರಲ್ಲಿ ಫಲಿತಾಂಶ ಬಂತು. ಆಸ್ಪಿರಿನ್ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ 3.7 ಜನರಿಗೆ ಲಕ್ವ ಅಥವಾ ಅಂಥದ್ದೇ ಹೆಪ್ಪಿನ ತೊಂದರೆ, ಅಪಿಕ್ಸಬಾನ್ ಗುಂಪಿನಲ್ಲಿ 1.6. ದೊಡ್ಡ ರಕ್ತಸ್ರಾವ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಅಪ್ಪ ಬಿಡಲಿಲ್ಲ. "ಕಿವಿ ಮುಚ್ಚಿದೀರಲ್ಲ ಸಾರ್?"

ಡಾಕ್ಟರ್ ನಕ್ಕು, ಅದರ ಕಥೆ ಹೇಳಿದರು. ಕೆನಡಾದವರು ಮುಂದೆ ನಿಂತು ಹಲವು ದೇಶಗಳಲ್ಲಿ ನಡೆಸಿದ ಒಂದು ದೊಡ್ಡ ಪ್ರಯೋಗ ಇದೆ, 2021ರಲ್ಲಿ ಹೊರಬಂತು. ಎಎಫ್ ಇದ್ದು ಬೇರೆ ಕಾರಣಕ್ಕೆ ಹೃದಯದ ಆಪರೇಷನ್‌ಗೆ ಬಂದ 4700ಕ್ಕೂ ಹೆಚ್ಚು ಜನ. ಅರ್ಧ ಜನರಿಗೆ ಆ ಚೀಲ ಮುಚ್ಚಿದರು, ಅರ್ಧ ಜನರಿಗೆ ಹಾಗೇ ಬಿಟ್ಟರು. ಸುಮಾರು ನಾಲ್ಕು ವರ್ಷದಲ್ಲಿ ಮುಚ್ಚಿಸಿಕೊಂಡವರಲ್ಲಿ ನೂರಕ್ಕೆ 4.8 ಜನರಿಗೆ ಲಕ್ವ ಅಥವಾ ಹೆಪ್ಪಿನ ತೊಂದರೆ ಆಯ್ತು, ಮುಚ್ಚಿಸದವರಲ್ಲಿ 7. ಒಳ್ಳೆ ಲಾಭವೇ. ಆದರೆ ಮೂರು ವರ್ಷ ಆದ ಮೇಲೂ ಅವರಲ್ಲಿ ಮುಕ್ಕಾಲು ಜನ ಮಾತ್ರೆ ತಗೊಳ್ಳುತ್ತಲೇ ಇದ್ದರು. ಮಾತ್ರೆಯ ಜೊತೆಗೆ ಸಿಕ್ಕ ಲಾಭ ಅದು. ಮಾತ್ರೆಯ ಬದಲು ಮುಚ್ಚಿದರೆ ಸಾಕು ಅಂತ ಆ ಪ್ರಯೋಗ ಹೇಳೋದಿಲ್ಲ. ಇನ್ನೊಂದು, ಹೊಲಿದು ಮುಚ್ಚಿದ್ದು ಎಷ್ಟೋ ಜನರಲ್ಲಿ ಪೂರ್ತಿ ಮುಚ್ಚಿರೋದಿಲ್ಲ, ಸಣ್ಣ ಸಂದಿ ಉಳಿದಿರುತ್ತೆ. ಬಾಯಿಂದ ಕೊಳವೆ ಇಳಿಸಿ ಎಕೋ ಮಾಡಿಯೋ ಸಿಟಿ ಮಾಡಿಯೋ ನೋಡದೆ ಅದು ಗೊತ್ತಾಗಲ್ಲ. ಅಪ್ಪನಿಗೆ ಅದನ್ನ ನೋಡಿಯೇ ಇಲ್ಲ.

ಇಸಿಜಿ ನಾರ್ಮಲ್ ಅನ್ನೋದಕ್ಕೂ ಹೀಗೇ. ಒಂದು ಇಸಿಜಿ ಅಂದ್ರೆ 10 ಸೆಕೆಂಡಿನ ಫೋಟೋ. ಎಎಫ್ ಬಂದು ಹೋಗಿ ಮಾಡುತ್ತೆ. ಎಷ್ಟೋ ಸಲ ಬಂದಿದ್ದು ರೋಗಿಗೇ ಗೊತ್ತಾಗಲ್ಲ.

ಆಮೇಲೆ ಒಂದು ಅಂಕದ ಲೆಕ್ಕ ಹಾಕಿದರು. ಇದು ನನಗೆ ಇಷ್ಟ ಆಯ್ತು, ನಮ್ಮಲ್ಲಿ ಸಾಲ ಕೊಡೋವಾಗ ನೋಡೋ ಸ್ಕೋರ್ ಥರ. 65 ದಾಟಿದ್ದಕ್ಕೆ ಒಂದು (75 ದಾಟಿದರೆ ಎರಡು), ಬಿಪಿಗೆ ಒಂದು, ಶುಗರ್‌ಗೆ ಒಂದು, ಹೃದಯದ ರಕ್ತನಾಳ ಕಟ್ಟಿದ್ದಕ್ಕೆ ಒಂದು. ಒಟ್ಟು ನಾಲ್ಕು. ಮೊದಲೇ ಲಕ್ವ ಹೊಡೆದಿದ್ದರೆ ಇನ್ನೆರಡು ಸೇರುತ್ತಿತ್ತು. ಗಂಡಸರಿಗೆ ಎರಡು ಬಂದರೇ ಮಾತ್ರೆ ಬೇಕು. ನಾಲ್ಕು ಅಂದ್ರೆ, ಮಾತ್ರೆ ಇಲ್ಲದೆ ಬಿಟ್ಟರೆ ವರ್ಷಕ್ಕೆ ನೂರರಲ್ಲಿ ನಾಲ್ಕೈದು ಜನರಿಗೆ ಲಕ್ವ. ಈ ಲೆಕ್ಕದಲ್ಲಿ ಬೈಪಾಸ್ ಆಯ್ತಾ ಇಲ್ವಾ, ನಾಡಿ ಇವತ್ತು ಸರಿ ಇದೆಯಾ ಅನ್ನೋದಕ್ಕೆ ಅಂಕವೇ ಇಲ್ಲ. ಆಪರೇಷನ್ನಿಂದ ಅಪ್ಪನ ವಯಸ್ಸು ಕಮ್ಮಿ ಆಗಿಲ್ಲ, ಶುಗರ್ ಹೋಗಿಲ್ಲ. ಅಲ್ವಾ?

ಅರ್ಧ ಮಾತ್ರೆ ವಿಷಯವೂ ಕೇಳಿದೆ. ಅಪಿಕ್ಸಬಾನ್ ಅರ್ಧಕ್ಕೆ ಇಳಿಸೋಕೆ ನಿಯಮ ಇದೆಯಂತೆ: ವಯಸ್ಸು 80 ಅಥವಾ ಜಾಸ್ತಿ ಇರಬೇಕು, ತೂಕ 60 ಕೆಜಿ ಅಥವಾ ಕಮ್ಮಿ ಇರಬೇಕು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋ ರಕ್ತದ ಟೆಸ್ಟ್) 1.5 ಅಥವಾ ಜಾಸ್ತಿ ಇರಬೇಕು, ಈ ಮೂರರಲ್ಲಿ ಎರಡಾದರೂ ಇದ್ದರೆ. ಅಪ್ಪ 68 ಕೆಜಿ, ಕ್ರಿಯಾಟಿನಿನ್ 1.1. ಒಂದೂ ಇಲ್ಲ. ಗಾಯದಿಂದ ರಕ್ತ ಸೋರಿತು ಅಂತ ಅರ್ಧ ಮಾಡೋದಕ್ಕೆ ಲೆಕ್ಕವೇ ಇಲ್ಲ.

ಈಗ ಬರುತ್ತೆ ನಾನು ಈ ಪೋಸ್ಟ್ ಬರೆಯೋಕೆ ಕಾರಣವಾದ ಮಾತು. ಡಾಕ್ಟರ್ ಪೆನ್ ತೆಗೆದು ಚೀಟಿಯಲ್ಲಿ ಇಕೋಸ್ಪ್ರಿನ್ ಮೇಲೆ ಗೆರೆ ಎಳೆದರು. "ಯಜಮಾನ್ರೇ, ಒಂದು ಮಾತ್ರೆ ಸಾಕು ಅಂದ್ರಲ್ಲ, ಅದು ಸರಿ. ಆದರೆ ನೀವು ಇಟ್ಟುಕೊಂಡಿದ್ದು ಬಿಡಬೇಕಾದ್ದು, ಬಿಟ್ಟಿದ್ದು ಇಟ್ಟುಕೊಳ್ಳಬೇಕಾದ್ದು."

ನಾನು ಬೆಪ್ಪಾಗಿ ನೋಡಿದೆ. ಬೈಪಾಸ್ ಆದವರು ಜೀವನಪೂರ್ತಿ ಆಸ್ಪಿರಿನ್ ತಗೋಬೇಕು ಅಂತಲೇ ನಾನು ಅಂದುಕೊಂಡಿದ್ದೆ. ಎಎಫ್ ಇಲ್ಲದವರಿಗೆ ಅದು ಸರಿಯೇ. ಎಎಫ್ ಇದ್ದು, ಬೈಪಾಸ್ ಅಥವಾ ಸ್ಟೆಂಟ್ ಆಗಿ ಒಂದು ವರ್ಷ ಕಳೆದು, ಎದೆನೋವು ಗಿದೆನೋವು ಇಲ್ಲದೆ ಚೆನ್ನಾಗಿದ್ದರೆ, ಹೆಪ್ಪು ತಡೆಯೋ ಮಾತ್ರೆ ಒಂದೇ ಸಾಕು ಅನ್ನೋದು ಈಗಿನ ಪದ್ಧತಿ. ಜಪಾನಿನಲ್ಲಿ 2200ಕ್ಕೂ ಹೆಚ್ಚು ಇಂಥವರ ಮೇಲೆ ನೋಡಿದ್ದರು. ಅಲ್ಲಿ ಕೊಟ್ಟಿದ್ದು ಅಪಿಕ್ಸಬಾನ್‌ನ ದಾಯಾದಿ ರಿವರಾಕ್ಸಬಾನ್. ಕೆಲವರಿಗೆ ಅದೊಂದೇ, ಕೆಲವರಿಗೆ ಅದರ ಜೊತೆ ಆಸ್ಪಿರಿನ್ ಅಥವಾ ಅಂಥದ್ದೇ ಇನ್ನೊಂದು. ಎರಡೆರಡು ತಗೊಂಡ ಗುಂಪಿನಲ್ಲಿ ರಕ್ತಸ್ರಾವ ಜಾಸ್ತಿ ಆಗಿದ್ದಷ್ಟೇ ಅಲ್ಲ, ಸಾವೂ ಜಾಸ್ತಿ ಕಂಡು ಪ್ರಯೋಗವನ್ನ ಅವಧಿಗೆ ಮೊದಲೇ ನಿಲ್ಲಿಸಿದರು. 2019ರ ಮಾತು ಇದು.

ಅಂದ್ರೆ ಆ ಟವೆಲ್ ಅಷ್ಟು ಕೆಂಪಾಗಿದ್ದರಲ್ಲಿ ಎರಡು ಮಾತ್ರೆ ಸೇರಿದ್ದರ ಪಾಲೂ ಇದ್ದಿರಬೇಕು. ವರ್ಷ ತುಂಬಿದಾಗ ರಿವ್ಯೂಗೆ ಹೋಗಿದ್ದರೆ ಅಲ್ಲೇ ಒಂದು ಕಮ್ಮಿ ಆಗುತ್ತಿತ್ತು. ಕೊಬ್ಬರಿ ಹರಾಜು, ಮದುವೆ, ನನ್ನ ಆಡಿಟ್ ಅಂತ ನಾವು ಎರಡು ತಿಂಗಳು ಮುಂದೂಡಿದ್ದೆವು. ಇದು ನಮ್ಮ ತಪ್ಪು, ಆಸ್ಪತ್ರೆಯದ್ದಲ್ಲ.

ಮಾತ್ರೆ ಬಿಟ್ಟ 11 ದಿನ ಏನೂ ಆಗಲಿಲ್ಲ ಅನ್ನೋದನ್ನೇ ಅಪ್ಪ ದೊಡ್ಡ ಸಾಕ್ಷಿ ಮಾಡಿಕೊಂಡಿದ್ದರು. ಅಪಿಕ್ಸಬಾನ್ ಪ್ರಭಾವ ಒಂದೆರಡು ದಿನದಲ್ಲೇ ಇಳಿದು ಹೋಗುತ್ತೆ, ಹಾಗಾಗಿ ಒಂಬತ್ತು ದಿನವಾದರೂ ಅವರು ಬೇಲಿ ಇಲ್ಲದ ತೋಟದ ಹಾಗೆ ಇದ್ದರು. ದನ ನುಗ್ಗಲಿಲ್ಲ, ಅಷ್ಟೇ. ಅಮೆರಿಕದಲ್ಲಿ ಈ ಮಾತ್ರೆಯ ಜೊತೆ ಬರುವ ಕಾಗದದಲ್ಲಿ ಎಲ್ಲಕ್ಕಿಂತ ಮೇಲೆ ಕಪ್ಪು ಚೌಕದೊಳಗೆ ಹಾಕಿರೋ ಎಚ್ಚರಿಕೆಯಲ್ಲಿ ಮೊದಲನೆಯದೇ ಇದು, ಅವಧಿಗೆ ಮೊದಲು ನಿಲ್ಲಿಸಿದರೆ ಹೆಪ್ಪಿನ ಅಪಾಯ ಏರುತ್ತೆ ಅಂತ.

ಹಾಗಂತ ಯಾರಿಗೂ ಯಾವತ್ತೂ ನಿಲ್ಲಿಸೋ ಹಾಗೇ ಇಲ್ಲ ಅಂತಲೂ ಅಲ್ಲ. ನನ್ನ ಸಹೋದ್ಯೋಗಿಯ ಮಾವನಿಗೆ ಮೊದಲು ಎಎಫ್ ಇರಲೇ ಇಲ್ಲ. ಬೈಪಾಸ್ ಆದ ಮೂರನೇ ದಿನ ಬಂತು, ಎರಡು ದಿನ ಇದ್ದು ಹೋಯ್ತು. ಹೃದಯದ ಆಪರೇಷನ್ ಆದವರಲ್ಲಿ ಮೂರರಲ್ಲಿ ಒಬ್ಬರಿಗೆ ಹೀಗೆ ಆಗೋದು ಮಾಮೂಲಂತೆ. ಅವರಿಗೆ ಎರಡು ತಿಂಗಳು ಮಾತ್ರೆ ಕೊಟ್ಟು, ಮತ್ತೆ ಪರೀಕ್ಷೆ ಮಾಡಿ, ಡಾಕ್ಟರೇ ನಿಲ್ಲಿಸಿದರು. ಅಪ್ಪನಿಗೆ ಈ ಮಾವನ ಕಥೆ ಗೊತ್ತಿತ್ತು. ಹೊರಗಿಂದ ನೋಡೋಕೆ ಇಬ್ಬರದ್ದೂ ಒಂದೇ ಆಪರೇಷನ್, ಒಂದೇ ಮಾತ್ರೆ. ಒಬ್ಬರಿಗೆ ಎರಡು ತಿಂಗಳು, ಇನ್ನೊಬ್ಬರಿಗೆ ಕೊನೆವರೆಗೆ.

ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪನ ಮಗ ಒಂದು ಸುದ್ದಿ ಹಾಕಿದ್ದ, 'ಎಎಫ್ ಇರುವವರು ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬಹುದು' ಅಂತ. ಹುಡುಕಿ ಓದಿದೆ. 2025ರಲ್ಲಿ ದಕ್ಷಿಣ ಕೊರಿಯಾದಿಂದ ಬಂದಿದ್ದು, 840 ಜನ. ಸುದ್ದಿ ಸುಳ್ಳಲ್ಲ. ಆದರೆ ಅವರೆಲ್ಲ ಅಬ್ಲೇಶನ್ ಮಾಡಿಸಿಕೊಂಡವರು, ಅಂದ್ರೆ ಎಎಫ್ ಹುಟ್ಟುವ ಜಾಗವನ್ನೇ ಒಳಗಿಂದ ಸುಟ್ಟಿರೋದು. ಅದಾದ ಮೇಲೂ ಕನಿಷ್ಠ ಒಂದು ವರ್ಷ ಎಎಫ್ ಮರಳಿ ಬಂದಿಲ್ಲ ಅಂತ ನೋಡಿಕೊಂಡು ನಿಲ್ಲಿಸಿದ್ದು. ಬೈಪಾಸ್ ಎಎಫ್‌ಗೆ ಚಿಕಿತ್ಸೆನೇ ಅಲ್ಲ, ಅದು ನಾಳ ಕಟ್ಟಿದ್ದಕ್ಕೆ. ಗುಂಪಿನಲ್ಲಿ ಇದನ್ನ ಬರೆದೆ. ಎರಡು ಹೆಬ್ಬೆರಳು, ಒಂದು ಗುಡ್ ಮಾರ್ನಿಂಗ್ ಬಂತು.

ನಮ್ಮ ಚಿಕ್ಕಮ್ಮನ ಕಥೆ ಇನ್ನೊಂದು ಥರ. ಚಿಕ್ಕವಯಸ್ಸಿನಲ್ಲಿ ಬಂದ ಕೀಲುಜ್ವರದಿಂದ ಅವರ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆ ಕೋಣೆಗಳ ನಡುವಿನ ಬಾಗಿಲು) ಹಾಳಾಗಿ, ಇಪ್ಪತ್ತು ವರ್ಷದ ಹಿಂದೆ ಲೋಹದ ವಾಲ್ವ್ ಹಾಕಿದರು, ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಾತನ್ ಅವರ ತಂಡ ಮಾಡಿದ್ದು, 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು. ವಿದೇಶಿ ವಾಲ್ವ್ ಕೊಳ್ಳೋಕೆ ಆಗದ ಚಿಕ್ಕಮ್ಮನಂಥವರಿಗೆ ಅದು ದೊಡ್ಡ ಆಸರೆ. ವಲಿಯಾತನ್ ಆಮೇಲೆ ಮಣಿಪಾಲಕ್ಕೆ ಬಂದು ಅಲ್ಲಿ ಕುಲಪತಿಯಾದರು. ರಾತ್ರಿ ಚಿಕ್ಕಮ್ಮನ ಪಕ್ಕ ಮಲಗಿದರೆ ಟಿಕ್ ಟಿಕ್ ಕೇಳಿಸುತ್ತೆ, ದಿಂಬಿನ ಕೆಳಗೆ ಗಡಿಯಾರ ಇಟ್ಟ ಹಾಗೆ. ಚಿಕ್ಕವರಿದ್ದಾಗ ನಾವು ಅದನ್ನ ಎಣಿಸ್ತಾ ನಿದ್ದೆ ಹೋಗ್ತಿದ್ದೆವು.

ಅವರಿಗೆ ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳು ಆಗೋದಿಲ್ಲ. ಲೋಹದ ವಾಲ್ವ್ ಇದ್ದವರಿಗೆ ಡಾಬಿಗಟ್ರಾನ್ ಅನ್ನೋ ಹೊಸ ಮಾತ್ರೆ ಕೊಟ್ಟು ನೋಡಿದ ಪ್ರಯೋಗವನ್ನ ಅರ್ಧದಲ್ಲೇ ನಿಲ್ಲಿಸಬೇಕಾಯ್ತು. ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. 2013ರಲ್ಲಿ ಆ ವರದಿ ಬಂತು. ಹಾಗಾಗಿ ಚಿಕ್ಕಮ್ಮನಿಗೆ ಹಳೇ ಮಾತ್ರೆ ಅಸಿಟ್ರೋಮ್, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ನೋಡೋಕೆ ತಿಂಗಳಿಗೊಮ್ಮೆ ಐಎನ್‌ಆರ್ ಟೆಸ್ಟ್, ಮಡಿಸಿ ಮಡಿಸಿ ನಾಲ್ಕು ಚೂರಾಗಿರೋ ಒಂದು ಹಳದಿ ಕಾರ್ಡು. ಅದರಲ್ಲಿ ಮೈಟ್ರಲ್‌ಗೆ 2.5ರಿಂದ 3.5 ಇರಬೇಕು ಅಂತ ಯಾರೋ ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಸೊಪ್ಪು ಈ ಮಾತ್ರೆಯ ಶಕ್ತಿ ಕುಗ್ಗಿಸುತ್ತೆ ಅಂತ ಮೊದಲು ಅದನ್ನ ಪೂರ್ತಿ ಬಿಟ್ಟಿದ್ದರು. ಬಸ್ಸಾರು ಇಲ್ಲದ ಮನೆ ಅದ್ಯಾವ ಮನೆ ಹೇಳಿ. ಆಮೇಲೆ ಒಬ್ಬ ನರ್ಸಮ್ಮ ತಿಳಿಸಿ ಹೇಳಿದರಂತೆ, ಬಿಡಬೇಕಿಲ್ಲ, ವಾರವಾರ ಒಂದೇ ಅಳತೆಯಲ್ಲಿ ತಿನ್ನಿ, ಒಂದು ವಾರ ಶೂನ್ಯ ಒಂದು ವಾರ ದಿನಾ ನುಗ್ಗೆಸೊಪ್ಪು ಮಾಡಬೇಡಿ ಅಂತ.

ಈ ಹಳೇ ಮಾತ್ರೆಗಳ ವಂಶ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯ್ತಿದ್ದವು. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕರು ಮತ್ತು ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನ್ ಹೊತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ವಾರ್ಫರಿನ್ ಸಿಕ್ಕಿತು. 1948ರಲ್ಲಿ ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಔಷಧಿ ಆಯ್ತು. ಅಸಿಟ್ರೋಮ್ ಅದರ ತಂಗಿ ಇದ್ದ ಹಾಗೆ. ಕೊಬ್ಬರಿ ಅಟ್ಟದ ಇಲಿಗಳಿಗೆ ನಾವು ಇಡೋ ಕೆಲವು ಬಿಲ್ಲೆಗಳೂ ಅದೇ ಮನೆತನದವು. ಇದನ್ನ ಅಪ್ಪನಿಗೆ ಹೇಳಿದ್ದು ಮಾತ್ರ ನನ್ನ ದಡ್ಡತನ. "ನೋಡು, ನಾನು ಹೇಳಲಿಲ್ವಾ" ಅಂದರು.

ಡಾಕ್ಟರ್ ಹತ್ತಿರದಿಂದ ಹೊರಡೋ ಮೊದಲು ಒಂದು ಕೆಲಸ ಮಾಡಿಸಿಕೊಂಡೆ. ಸ್ವಲ್ಪ ಸಂಕೋಚ ಆಯ್ತು, ಆದರೂ ಕೇಳಿದೆ: ಒಂದು ಖಾಲಿ ಹಾಳೆಯಲ್ಲಿ, ಕನ್ನಡದಲ್ಲಿ, ಯಾವ ಮಾತ್ರೆ, ಯಾಕೆ, ಎಲ್ಲಿವರೆಗೆ ಅಂತ ಬರೆದುಕೊಡಿ. ಬರೆದುಕೊಟ್ಟರು. ಅಪಿಕ್ಸಬಾನ್ ಎದುರು 'ಲಕ್ವ ಬರದಂತೆ, ನಾನು ಹೇಳುವವರೆಗೆ ಬಿಡಬಾರದು'. ಮರೆತರೆ ಅದೇ ದಿನ ನೆನಪಾದಾಗ ತಗೊಳ್ಳಿ, ಎರಡು ಒಟ್ಟಿಗೆ ಬೇಡ. ಹಲ್ಲು ಕೀಳಿಸೋದು, ಕಣ್ಣಿನ ಆಪರೇಷನ್ ಏನೇ ಇರಲಿ, ಮೊದಲು ಫೋನ್ ಮಾಡಿ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತರಬೇಡಿ. ಮಲ ಕಪ್ಪಗೆ ಟಾರಿನ ಥರ ಹೋದರೆ, ತಲೆಗೆ ಪೆಟ್ಟು ಬಿದ್ದರೆ, ಕಾಯದೆ ಆಸ್ಪತ್ರೆಗೆ. ಆ ಹಾಳೆಯನ್ನ ಅಮ್ಮ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದಾರೆ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಡಬ್ಬಿ ತೆಗೆದು ಎಣಿಸಿದೆ. 20 ಇರಬೇಕಿತ್ತು, 22 ಇದ್ದವು.

"ತುಮಕೂರಿಗೆ ಮದುವೆಗೆ ಹೋಗಿದ್ದೆ ಕಣವ್ವ. ಒಂದು ರಾತ್ರಿ, ಒಂದು ಬೆಳಿಗ್ಗೆ. ಡಬ್ಬಿ ಮನೇಲೇ ಉಳೀತು" ಅಂದರು, ನಾನು ಕೇಳೋ ಮೊದಲೇ. ನಾನೇನೂ ಅನ್ನಲಿಲ್ಲ. ಅಡುಗೆಮನೆಯಿಂದ ಏಲಕ್ಕಿ ಹಾಕಿಡೋ ಸಣ್ಣ ಡಬ್ಬಿ ತಂದು, ಒರೆಸಿ, ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಹಾಕಿ, ಗೂಟಕ್ಕೆ ನೇತುಹಾಕಿದ್ದ ಅವರ ಜುಬ್ಬಾದ ಜೇಬಿಗೆ ಇಟ್ಟೆ. ಅಪ್ಪ ಜೇಬು ಅಲ್ಲಾಡಿಸಿ ನೋಡಿ, "ನಿನ್ನ ಚಿಕ್ಕಮ್ಮನ ಎದೆ ಸದ್ದು ಬರುತ್ತಲ್ಲೇ" ಅಂದರು.